ಯಾವ ಗೊಬ್ಬರ ಅಂತ ಕೇಳುವವರಿಗೆ

ಕಾಂಪೌಂಡಿನ ಮೇಲೆ ಹೀರೆಬಳ್ಳಿ ಇಳಿಬಿದ್ದಿರುವುದನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಏನು ಗೊಬ್ಬರ ಹಾಕ್ತೀರಿ?" ಬೆಳಗ್ಗೆ ವಾಕಿಂಗ್ ಹೋಗುವವರು ಕೇಳುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಉತ್ತರ ಚಿಕ್ಕದು. ಕೊಟ್ಟಿಗೆ ಗೊಬ್ಬರ, ಅಡುಗೆಮನೆಯ ಸಿಪ್ಪೆ-ಸೊಪ್ಪಿನ ಕಡ್ಡಿ ಕೊಳೆಸಿದ್ದು, ಸಸಿ ನೆಡುವಾಗ ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ. ಅಷ್ಟೇ. ಇದನ್ನು ಕೇಳಿದ ಮೇಲೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಏನೋ ಮುಚ್ಚಿಡ್ತಿದ್ದಾರೆ ಅನ್ನೋ ಅನುಮಾನವೂ ಇರಬಹುದು!

ಮುಚ್ಚಿಡುವುದಕ್ಕೆ ಏನೂ ಇಲ್ಲ. ಆದರೆ "ಯಾವಾಗ ಬಿತ್ತಿದಿರಿ?" ಅಂತ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಕೂರಿಸಿ ಕಾಫಿ ಕೊಟ್ಟು ಹೇಳುತ್ತಿದ್ದೆ. ಈಗ ಇಲ್ಲೇ ಹೇಳಿಬಿಡುತ್ತೇನೆ.

ಟೊಮೆಟೊ ತೆಗೆದುಕೊಳ್ಳಿ. ಫೆಬ್ರವರಿಯಲ್ಲಿ ನರ್ಸರಿಯಿಂದ ಸಸಿ ತಂದು ನೆಡುತ್ತಾರೆ. ಏಪ್ರಿಲ್ ಹೊತ್ತಿಗೆ ಗಿಡ ಎದೆಮಟ್ಟ, ತುಂಬಾ ಹೂವು. ಆಮೇಲೆ ಹೂವೆಲ್ಲ ತೊಟ್ಟಿನ ಸಮೇತ ಉದುರುತ್ತದೆ. ಗೊಬ್ಬರ ಸಾಲದು ಅಂದುಕೊಂಡು ಇನ್ನಷ್ಟು ಹಾಕುತ್ತಾರೆ. ಗಿಡಕ್ಕೆ ಹಸಿವೇ ಇಲ್ಲ, ಸೆಕೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸಕ್ಕೆ ಬರುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಅದರ ಜೊತೆಗೆ ಬೇಸಿಗೆಯಲ್ಲಿ ಬಿಳಿನೊಣದ ಕಾಟ. ಎಲೆ ಮುದುಡು ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಅದೇ. ಹೆಚ್ಚಿಗೆ ಹಾಕಿದ ಗೊಬ್ಬರದಿಂದ ಎಳೆ ಚಿಗುರು ಬರುತ್ತದೆ, ನೊಣಕ್ಕೆ ಹಬ್ಬ.

ಅದೇ ಟೊಮೆಟೊ ಬೀಜವನ್ನು ಸೆಪ್ಟೆಂಬರ್ ಕೊನೆಗೆ ಟ್ರೇಯಲ್ಲಿ ಹಾಕಿ, ತಿಂಗಳ ಸಸಿಯನ್ನು ಅಕ್ಟೋಬರ್ ಕೊನೆಗೆ ನೆಟ್ಟು ನೋಡಿ. ಸಾಧಾರಣ ಮಣ್ಣಲ್ಲೂ ಡಿಸೆಂಬರ್‌ನಿಂದ ಹಣ್ಣು ಕೀಳಬಹುದು. ರೋಗದ ಭಯವಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಒಳ್ಳೆಯದು. ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಆದರೆ ಅದು ಹೈಬ್ರಿಡ್. ಹಣ್ಣಿನಿಂದ ಬೀಜ ತೆಗೆದಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಗಿಡ ಬರುತ್ತದೆ ಅಂತ ಕಾಯಬೇಡಿ.

ನಾನಿರುವುದು ಮೈಸೂರಿನಲ್ಲಿ. ಇಲ್ಲಿ ಏಪ್ರಿಲ್-ಮೇನಲ್ಲಿ ಸಂಜೆ ಗುಡುಗು-ಮಳೆ, ಜೂನ್‌ನಿಂದ ಆಗಸ್ಟ್‌ವರೆಗೆ ಬಿಟ್ಟೂಬಿಟ್ಟು ಸೋನೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೆ ಜೋರು. ನನ್ನ ಲೆಕ್ಕವೆಲ್ಲ ಈ ಮಳೆಯದ್ದು. ಬೀಜದ ಪೊಟ್ಟಣದ ಹಿಂದೆ ಅಚ್ಚಾಗಿರುವ ತಿಂಗಳುಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಒಂದೇ ಪೊಟ್ಟಣ ಲೂಧಿಯಾನದಲ್ಲೂ ಮಾರಾಟವಾಗುತ್ತೆ, ಮಂಡ್ಯದಲ್ಲೂ ಮಾರಾಟವಾಗುತ್ತೆ.

ಬಳ್ಳಿ ತರಕಾರಿ ಮಳೆಗಾಲದ್ದು. ಹೀರೆ, ಪಡವಲ, ಹಾಗಲ, ಸೋರೆ, ಸೌತೆ ಬೀಜಗಳು ಮೇ ಕೊನೆಗೆ ಅಥವಾ ಜೂನ್ ಮೊದಲಲ್ಲಿ ಮಣ್ಣು ಸೇರಬೇಕು. ರೋಹಿಣಿ ಮಳೆ, ಮೃಗಶಿರ ಮಳೆ ಅಂತ ಅಜ್ಜಿ ಲೆಕ್ಕ ಹಾಕುತ್ತಿದ್ದರಲ್ಲ, ಆ ಹೊತ್ತಿಗೆ. ಚಪ್ಪರ ಮೊದಲೇ ಕಟ್ಟಿರಬೇಕು. ಬಳ್ಳಿ ನೆಲದ ಮೇಲೆ ಹರಿದಾಡಲು ಶುರುವಾದ ಮೇಲೆ ಚಪ್ಪರ ಕಟ್ಟಲು ಹೋದರೆ ಅರ್ಧ ಬಳ್ಳಿ ಕಾಲಡಿ ಸಿಗುತ್ತದೆ.

ಹೀರೆಯ ವಿಷಯದಲ್ಲಿ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕಂದರೆ "ಹೂವು ಬಿಡುತ್ತೆ, ಕಾಯಿ ಇಲ್ಲ" ಅನ್ನೋ ದೂರು ಬರುವುದು ಇದರದ್ದೇ. ಶುರುವಿನಲ್ಲಿ ಬರುವುದು ಬರೀ ಗಂಡು ಹೂವು, ಗೊಂಚಲಾಗಿ. ಗಾಬರಿ ಬೇಡ. ಕೆಲವು ದಿನ ಬಿಟ್ಟು ಅದೇ ಎಲೆಯ ಬುಡದಲ್ಲಿ ಹೆಣ್ಣು ಹೂವು ಒಂಟಿಯಾಗಿ ಕಾಣಿಸಿಕೊಳ್ಳುತ್ತದೆ, ಹಿಂದೆ ಗೆರೆ ಗೆರೆಯ ಪುಟ್ಟ ಹೀಚು ಅಂಟಿಸಿಕೊಂಡು. ಇನ್ನೊಂದು ವಿಷಯ, ಹೀರೆ ಹೂವು ಅರಳುವುದು ಸಂಜೆ. ಬೆಳಗ್ಗೆ ಕೈಯಿಂದ ಪರಾಗ ಸವರಲು ಹೋದವರಿಗೆ ಸಿಗುವುದು ಬಾಡಿದ ಹೂವು. ಸಂಜೆ ಐದೂವರೆ-ಆರರ ಮೇಲೆ ಹೋಗಿ. ಅರಳಿದ ಗಂಡು ಹೂವು ಕಿತ್ತು, ಹಳದಿ ಎಸಳನ್ನು ಹಿಂದಕ್ಕೆ ಮಡಿಚಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಮಾರನೇ ದಿನದಿಂದ ಹೀಚಿನ ತೊಟ್ಟು ಹಸಿರಾಗಿ ಗಟ್ಟಿಯಾದರೆ ಕಾಯಿ ನಿಂತಂತೆ. ಹಳದಿಗೆ ತಿರುಗಿದರೆ ಉದುರುತ್ತದೆ. ಸೋರೆಯೂ ಸಂಜೆಯ ಹೂವೇ. ಸಿಹಿಗುಂಬಳಕ್ಕೆ ಮಾತ್ರ ಬೆಳಗ್ಗೆ ಬೇಗ ಏಳಬೇಕು, ಬಿಸಿಲು ಏರುವಷ್ಟರಲ್ಲಿ ಅದು ಮುಚ್ಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಜೇನು ಓಡಾಡುವುದು ಕಡಿಮೆ, ಪರಾಗ ಬೇರೆ ತೊಳೆದುಹೋಗುತ್ತದೆ. ಅದಕ್ಕೇ ಈ ಕೈಕೆಲಸ. ಎಳೆ ಕಾಯಿಗೆ ಹಳೇ ಪೇಪರ್ ಸುತ್ತಿಬಿಟ್ಟರೆ ಹಣ್ಣುನೊಣ ಚುಚ್ಚುವುದೂ ತಪ್ಪುತ್ತದೆ.

ಸೊಪ್ಪಿಗೆ ಮಳೆಗಾಲ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ. ಜೋರು ಮಳೆಗೆ ದಂಟು, ಹರಿವೆಯ ಎಲೆ ಹಿಂದೆ ಬಿಳಿ ತುಕ್ಕು ಕೂರುತ್ತದೆ, ಕೊತ್ತಂಬರಿ ಕೊಳೆಯುತ್ತದೆ. ಆದರೆ ಬಿತ್ತದೇ ಬರುವ ಅಣ್ಣೆಸೊಪ್ಪು, ಗೋಣಿಸೊಪ್ಪು ಪಾತಿ ತುಂಬ ಇರುತ್ತವೆ. ಅವನ್ನು ಕಳೆ ಅಂತ ಕಿತ್ತು ಎಸೆದು, ಅಂಗಡಿಗೆ ಹೋಗಿ ಪಾಲಕ್ ತರುವವರನ್ನು ಕಂಡರೆ ನನಗೆ ಸಂಕಟ. ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಅದಕ್ಕಿಂತ ಏನು ಬೇಕು?

ಅಕ್ಟೋಬರ್ ದಾಟಿದರೆ ಸುಲಭದ ಕಾಲ. ಮೂಲಂಗಿ, ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಮೆಂತ್ಯ, ಬದನೆ, ಏನು ಹಾಕಿದರೂ ಬರುತ್ತದೆ. ಹೊಸದಾಗಿ ಶುರು ಮಾಡುವವರು ಈ ಕಾಲದಲ್ಲೇ ಶುರು ಮಾಡಿ. ಯುಗಾದಿಗೆ ಉತ್ಸಾಹದಿಂದ ಕುಂಡ ಕೊಂಡವರು ಜೂನ್ ಹೊತ್ತಿಗೆ "ನಮ್ಮ ಕೈಗುಣ ಸರಿಯಿಲ್ಲ" ಅಂತ ಕೈಬಿಟ್ಟಿರುತ್ತಾರೆ. ಕೈಗುಣದ್ದೇನೂ ತಪ್ಪಿಲ್ಲ.

ಚಳಿಗಾಲದ ರಾಜ ಅವರೆ. ಅದನ್ನು ಮಾತ್ರ ಚಳಿಗಾಲದಲ್ಲಿ ಬಿತ್ತುವ ಹಾಗಿಲ್ಲ. ನಾಟಿ ಅವರೆ ಜೂನ್-ಜುಲೈನಲ್ಲೇ ಮಣ್ಣಿಗೆ ಬಿದ್ದಿರಬೇಕು. ಆಮೇಲೆ ತಿಂಗಳುಗಟ್ಟಲೆ ಬರೀ ಬಳ್ಳಿ, ಬರೀ ಎಲೆ. ಜನ ಗೊಬ್ಬರ ಕೇಳಿಕೊಂಡು ಬರುವುದು ಆಗಲೇ. ಅವರೆ ಕಾಯುತ್ತಿರುವುದು ಹಗಲು ಚಿಕ್ಕದಾಗುವುದಕ್ಕೆ. ರಾತ್ರಿ ಉದ್ದವಾದ ಮೇಲೇ ಅದು ಹೂವಿಗೆ ಬರುತ್ತದೆ. ಹಾಗಾಗಿ ಜೂನ್‌ನಲ್ಲಿ ಬಿತ್ತಿದವರಿಗೂ ಆಗಸ್ಟ್‌ನಲ್ಲಿ ಬಿತ್ತಿದವರಿಗೂ ಕಾಯಿ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ. ಬೇಗ ಬಿತ್ತಿದವರ ಬಳ್ಳಿ ದೊಡ್ಡದು, ಕಾಯಿ ಜಾಸ್ತಿ, ಅಷ್ಟೇ ವ್ಯತ್ಯಾಸ. ಜನವರಿ ದಾಟಿದ ಮೇಲೆ ಬಿತ್ತಿದರೆ ಹಗಲು ಉದ್ದವಾಗುತ್ತಾ ಹೋಗುತ್ತದೆ, ಬಳ್ಳಿ ಸುಮ್ನೆ ಎಲೆ ಬಿಟ್ಟುಕೊಂಡು ಕೂರುತ್ತದೆ. ಈ ಕಟ್ಟುಪಾಡು ಇಲ್ಲದ ತಳಿಗಳೂ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಯಾವ ಕಾಲದಲ್ಲಿ ಹಾಕಿದರೂ ಕಾಯಿ ಕೊಡುತ್ತವೆ. ಗಿಡ ಗಿಡ್ಡ, ಕುಂಡಕ್ಕೂ ಸೈ. ಆದರೆ ಧನುರ್ಮಾಸದ ಚಳಿಯಲ್ಲಿ ನಾಟಿ ಕಾಯಿಗೆ ಇರುವ ಸೊಗಡು ಇದಕ್ಕಿಲ್ಲ. ಇಬ್ಬನಿ ಬಿದ್ದ ಕಾಯಿ ಕಿತ್ತರೆ ಕೈಯಲ್ಲಿ ಜಿಡ್ಡು ಜಿಡ್ಡು, ಸೋಪು ಹಾಕಿದರೂ ವಾಸನೆ ಹೋಗುವುದಿಲ್ಲ. ಹಿತಕಿದ ಬೇಳೆ ಸಾರಿಗೆ ಅದೇ ಬೇಕು.

ಬೇಸಿಗೆಯಲ್ಲಿ ಏನು ಅಂತೀರಾ? ಬಸಳೆ, ಗೋರಿಕಾಯಿ, ಬೆಂಡೆ, ನೆರಳಲ್ಲಿ ಸ್ವಲ್ಪ ದಂಟು. ಬೆಂಡೆಗೆ ಹಳದಿ ನಂಜು ತಗುಲುವುದು ಹೆಚ್ಚು, ಅದಕ್ಕೇ ಅದನ್ನು ತಡೆದುಕೊಳ್ಳುವ ತಳಿ ಹುಡುಕಿ. ಪಾತಿಗೆ ಒಣ ಎಲೆ ದಪ್ಪಗೆ ಹೊದಿಸಿ. ಅದೂ ಬೇಡ ಅನ್ನಿಸಿದರೆ ಮಣ್ಣನ್ನು ಹಾಗೇ ಬಿಡಿ, ನುಗ್ಗೆಕಾಯಿ ತಿಂದುಕೊಂಡಿರಿ. ತಾರಸಿ ಕುಂಡದಲ್ಲಿ ಏಪ್ರಿಲ್ ಬಿಸಿಲಿಗೆ ಕೋಸು ಬೆಳೆಯುವ ಹಟ ನನಗಂತೂ ಅರ್ಥವಾಗುವುದಿಲ್ಲ.

ಊರು ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಆಗುಂಬೆ ಕಡೆಯ ಮಳೆಯಲ್ಲಿ ಬದನೆ ನಿಲ್ಲುವುದಿಲ್ಲ. ಉಡುಪಿ ಹತ್ತಿರ ಮಟ್ಟು ಊರಿನವರು ಗುಳ್ಳ ನೆಡುವುದು ಮಳೆ ತಗ್ಗಿದ ಮೇಲೆ, ಭತ್ತ ಕೊಯ್ದ ಗದ್ದೆಯಲ್ಲಿ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಬದನೆ ಅದು.

ನಮ್ಮ ಅತ್ತಿಗೆ ನ್ಯೂಜೆರ್ಸಿಯಲ್ಲಿದ್ದಾರೆ. ಅವರ ಹಿತ್ತಲಲ್ಲಿ ನಾಟಿ ಅವರೆ ಬೇಲಿ ಮುಚ್ಚುವಷ್ಟು ಹಬ್ಬಿತ್ತು, ಹೂವಿಲ್ಲ. ವಿಡಿಯೋ ಕಾಲ್‌ನಲ್ಲಿ ತೋರಿಸಿ ಅವರು ಕೇಳಿದ್ದೂ ಅದೇ, "ಏನು ಗೊಬ್ಬರ ಹಾಕಲಿ?" ಅಲ್ಲಿ ಬೇಸಿಗೆಯ ಹಗಲು ಹದಿನೈದು ಗಂಟೆ. ಹಗಲು ಚಿಕ್ಕದಾಗಿ ಬಳ್ಳಿ ಹೂವಿಗೆ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಕಾಯಿ ಬಲಿಯುವ ಮೊದಲೇ ಅಕ್ಟೋಬರ್-ನವೆಂಬರ್‌ನಲ್ಲಿ ಹಿಮ ಬಿದ್ದು ಎಲ್ಲ ಕರಗಿಹೋಗುತ್ತದೆ. ಹಗಲಿನ ಉದ್ದಕ್ಕೆ ಕಾಯದ ಗಿಡ್ಡ ತಳಿಯ ಬೀಜವನ್ನು ಅಲ್ಲೇ ಹುಡುಕಿ, ಮೇ ತಿಂಗಳಲ್ಲಿ ಹಾಕಿ ಅಂದೆ. ಇಲ್ಲಿಂದ ಬೀಜ ಕಳಿಸೋಣ ಅಂದರೆ ಅಮೆರಿಕಕ್ಕೆ ಬೇಕಾದ ಕಾಗದಪತ್ರವಿಲ್ಲದೆ ಬೀಜ ಒಯ್ಯುವ ಹಾಗಿಲ್ಲ. ಅಲ್ಲಿಯವರೆಗೆ ಹಿತಕಿದ ಬೇಳೆಗೆ ಅವರಿಗೆ ಇಂಡಿಯನ್ ಸ್ಟೋರಿನ ಫ್ರೀಜರೇ ಗತಿ.