ಆರ್ನೊಲ್ಫಿನಿ ದಂಪತಿಯ ಕೋಣೆಯಲ್ಲಿ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ರೇಷ್ಮೆ ಮಡಿಕೆಗಳನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು, ತೈಲವರ್ಣದ ಶಕ್ತಿಯನ್ನು ನಾಲ್ಕು ಶತಮಾನ ಮೊದಲೇ ತೋರಿಸಿಕೊಟ್ಟ ಫ್ಲಾಂಡರ್ಸಿನ ಚಿತ್ರಕಾರ ಯಾನ್ ವಾನ್ ಐಕ್. ಅವನು 1434ರಲ್ಲಿ ಓಕ್ ಹಲಗೆಯ ಮೇಲೆ ಬರೆದ, ಕೋಣೆಯಲ್ಲಿ ಕೈಹಿಡಿದು ನಿಂತ ಇಟಲಿಯ ವರ್ತಕ ಆರ್ನೊಲ್ಫಿನಿ ದಂಪತಿಯ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಕಿಟಕಿಯ ಬಳಿಯ ಕಿತ್ತಳೆ ಸಿರಿವಂತಿಕೆಯನ್ನೂ ನಾಯಿ ನಿಷ್ಠೆಯನ್ನೂ ಸೂಚಿಸುತ್ತವೆ ಎನ್ನುವುದು ವಾಡಿಕೆ. ನೋಡಿದವರಿಗೆ ಹಾಗೆ ಕಂಡರೂ ಹೆಂಡತಿ ಗರ್ಭಿಣಿಯಲ್ಲ, ಅಂದಿನ ರೂಢಿಯಂತೆ ನಿಲುವಂಗಿಯ ನೆರಿಗೆಗಳನ್ನು ಎತ್ತಿ ಹಿಡಿದಿದ್ದಾಳೆ. ಕಳಚಿಟ್ಟ ಮರದ ಪಾದರಕ್ಷೆಗಳು ಆ ನೆಲ ಪವಿತ್ರವೆಂದು ಸಾರುತ್ತವೆ ಎಂದ ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿ, 1934ರಲ್ಲಿ ಇಡೀ ಚಿತ್ರವನ್ನೇ ವಿವಾಹದ ದಾಖಲೆಯೆಂದು ವಾದಿಸಿದರು. ಹೊಸ್ತಿಲಲ್ಲೇ ಚಪ್ಪಲಿ ಬಿಡುವ ನಮ್ಮ ಕಡೆಯವರಿಗೆ ಈ ಮಾತು ಬೇಗ ಒಪ್ಪಿಗೆಯಾದೀತು. ಆದರೆ ಬಣ್ಣದ ಪದರದ ಕೆಳಗಿನದನ್ನು ತೋರಿಸುವ ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ನಾಯಿ, ಪಾದರಕ್ಷೆ, ತೂಗುದೀಪ ಇವುಗಳಿಗೆ ಬಣ್ಣ ಹಚ್ಚುವ ಮೊದಲು ಎಳೆಯುವ ಅಡಿಗೆರೆಗಳೇ ಕಾಣದಿರುವುದರಿಂದ, ಎಲ್ಲವೂ ಮೊದಲೇ ಹೆಣೆದ ಸಂಕೇತಗಳೆಂಬ ವಾದ ನನಗೆ ಸಡಿಲವೆನಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಹಿಂಗೋಡೆಯ ಉಬ್ಬುಗನ್ನಡಿ. ಅದರಲ್ಲಿ ದಂಪತಿಯ ಬೆನ್ನು ಕಾಣುತ್ತದೆ, ಬಾಗಿಲಲ್ಲಿ ಮತ್ತಿಬ್ಬರು ನಿಂತಿದ್ದಾರೆ. ಮೇಲೆ ‘ಯಾನ್ ವಾನ್ ಐಕ್ ಇಲ್ಲಿದ್ದನು, 1434’ ಎಂಬ ಲ್ಯಾಟಿನ್ ಬರಹವಿದೆ. ಚೌಕಟ್ಟಿನ ಹತ್ತು ಪುಟ್ಟ ವೃತ್ತಗಳಲ್ಲಿ ಕ್ರಿಸ್ತನ ಯಾತನೆಯ ಕಥೆಯಿದ್ದು, ಗಂಡನ ಕಡೆ ಜೀವಂತ ಕ್ರಿಸ್ತ, ಹೆಂಡತಿಯ ಕಡೆ ಅವನ ಮರಣ ಮತ್ತು ನಂತರದ ಪ್ರಸಂಗಗಳು. ತೂಗುದೀಪದಲ್ಲಿಯೂ ಉರಿಯುವ ಒಂದೇ ಮೇಣದಬತ್ತಿ ಗಂಡನ ಕಡೆಗಿದೆ. ಚಿತ್ರ ಬರೆಯುವಾಗ ಆಕೆ ತೀರಿಹೋಗಿದ್ದಳೆಂದು ಕೆಲವು ವಿದ್ವಾಂಸರು ಊಹಿಸಿರುವುದು ಇದರಿಂದಲೇ, ಮತ್ತು ಅವನ ಅಂಗೈಯಲ್ಲಿ ಸಡಿಲವಾಗಿ ಮಲಗಿರುವ ಆಕೆಯ ಕೈಯನ್ನು ನೋಡಿದರೆ ಆ ಊಹೆಯೇ ನನಗೆ ಹೆಚ್ಚು ಹತ್ತಿರವಾಗುತ್ತದೆ.