ಸಕ್ಕರೆಯ ಊರುಗಳಲ್ಲಿ ಒಂದು ದಿನ

ವರದೇರೊದ ಹೋಟೆಲಿನ ಮುಂದೆ ಬಸ್ಸು ಬಂದು ನಿಂತಾಗ ಬೆಳಗಿನ ಆರು ಗಂಟೆಯೂ ಆಗಿರಲಿಲ್ಲ. ಫೆಬ್ರುವರಿಯ ಹಿಮದಿಂದ ತಪ್ಪಿಸಿಕೊಳ್ಳಲು ಕೆನಡಾದಿಂದ ಕ್ಯೂಬಾದ ಕಡಲತೀರಕ್ಕೆ ಬರುವ ಅಸಂಖ್ಯ ಜನರಂತೆ ನಾನೂ ನನ್ನ ಪತ್ನಿಯೂ ಬಂದಿದ್ದೆವು. ನಾಲ್ಕು ದಿನ ಮರಳಿನ ಮೇಲೆ ಕೂತು ಬೇಸರ ಹತ್ತಿದ ಮೇಲೆ, ಸಿಯೆನ್‌ಫ್ವೇಗೊಸ್ ಮತ್ತು ತ್ರಿನಿದಾದ್ ಎಂಬ ಎರಡು ಹಳೆಯ ಊರುಗಳನ್ನು ಒಂದೇ ದಿನದಲ್ಲಿ ತೋರಿಸುವ ಪ್ರವಾಸಕ್ಕೆ ಹೆಸರು ಕೊಟ್ಟೆವು. ಹಿಂದಿನ ರಾತ್ರಿ ಮೈಸೂರಿನಿಂದ ಮಾತನಾಡಿದ ತಮ್ಮ, “ಟ್ರಿನಿಡಾಡ್ ಎಂದರೆ ಲಾರಾನ ಊರಲ್ಲವೇ?” ಎಂದು ಕೇಳಿದ. ಅದು ಬೇರೆಯೇ ದ್ವೀಪ. ಇದು ಕ್ಯೂಬಾದ ದಕ್ಷಿಣ ಕರಾವಳಿಯಲ್ಲಿರುವ ಸಣ್ಣ ಊರು.

ಮೂವತ್ತೆರಡು ಜನರಿದ್ದ ನಮ್ಮ ಗುಂಪಿನ ಗೈಡ್ ಚುರುಕಿನ ಹೆಂಗಸು. ಬಸ್ಸು ಹೊರಡುವ ಮುನ್ನ ಪ್ರತಿ ಸಲವೂ ಬಾಗಿಲಲ್ಲಿ ನಿಂತು, ಬೆರಳು ತೋರಿಸಿ, ಸ್ಪ್ಯಾನಿಷ್‌ನಲ್ಲಿ ತಲೆ ಎಣಿಸುತ್ತಿದ್ದಳು.

ಸಿಯೆನ್‌ಫ್ವೇಗೊಸ್ ಮೊದಲು ಬಂತು. ಬೋರ್ಡೋ, ಲೂಯಿಸಿಯಾನಾ ಮೊದಲಾದ ಕಡೆಗಳಿಂದ ಬಂದ ಫ್ರೆಂಚ್ ಮೂಲದವರು 1819ರಲ್ಲಿ ಕಟ್ಟಿದ ಈ ಬಂದರು ನಗರದ ಬೀದಿಗಳು ದಾರ ಹಿಡಿದು ಎಳೆದಂತೆ ನೇರವಾಗಿವೆ. ಹೋಸೆ ಮಾರ್ತಿ ಉದ್ಯಾನದ ಸುತ್ತಲಿನ ಕಟ್ಟಡಗಳನ್ನು ಬಿಸಿಲೇರುವ ಮೊದಲೇ ನೋಡಿ ಮುಗಿಸಿ, 1890ರಲ್ಲಿ ತೆರೆದ ತೋಮಾಸ್ ತೆರ್ರಿ ರಂಗಮಂದಿರದೊಳಗೆ ಹೋದೆವು. ಮರದ ಕುರ್ಚಿಗಳು, ಮೇಲೆ ಸಾಲು ಸಾಲು ಉಪ್ಪರಿಗೆಗಳು, ಚಿತ್ರ ಬರೆದ ಛಾವಣಿ. ತೆರ್ರಿ ಸಕ್ಕರೆಯಿಂದಲೂ ಗುಲಾಮರ ವ್ಯಾಪಾರದಿಂದಲೂ ಸಂಪತ್ತು ಕೂಡಿಸಿದವನು. ಆ ಎರಡನೆಯ ಮಾತನ್ನು ಗೈಡ್ ಹೊರಗೆ ಬಂದ ಮೇಲೆ, ನಡೆಯುತ್ತಲೇ ಹೇಳಿದಳು. ಹಿಂದೆ ಉಳಿದವರಿಗೆ ಅದು ಕೇಳಿಸಿರಲಾರದು.

ತ್ರಿನಿದಾದ್ ತಲುಪುವ ಹೊತ್ತಿಗೆ ಹಸಿವಾಗಿತ್ತು. ಸಸ್ಯಾಹಾರಿಗಳಾದ ನಮಗೆ ಕಪ್ಪು ಕಾಳು ಬೆರೆಸಿದ ಅನ್ನ, ಕರಿದ ಬಾಳೆಕಾಯಿ ಮತ್ತು ಬೆಣ್ಣೆಹಣ್ಣು ಸಿಕ್ಕಿತು. ದೂರುವಂಥದ್ದೇನೂ ಇರಲಿಲ್ಲ, ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಚೆನ್ನಾಗಿತ್ತು.

ಸ್ಪ್ಯಾನಿಷರು 1514ರಲ್ಲಿ ಸ್ಥಾಪಿಸಿದ ಈ ಊರಿನ ಹಳೆಯ ಬೀದಿಗಳಿಗೆ ಗುಂಡುಕಲ್ಲು ಹಾಸಿದ್ದಾರೆ; ಚಪ್ಪಲಿ ಹಾಕಿಕೊಂಡು ಬಂದವರು ಪ್ರತಿ ಹೆಜ್ಜೆಗೂ ಪಶ್ಚಾತ್ತಾಪಪಡುತ್ತಾರೆ. ಹಳದಿ, ತಿಳಿನೀಲಿ, ಇಟ್ಟಿಗೆ ಬಣ್ಣದ ಒಂದಂತಸ್ತಿನ ಮನೆಗಳು, ಕೆಂಪು ಹೆಂಚು. ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಕಿಟಕಿಗಳ ಮೇಲೆ. ಹೆಚ್ಚುಕಡಿಮೆ ನೆಲದಿಂದಲೇ ಎದ್ದು ಬಾಗಿಲಿನಷ್ಟು ಎತ್ತರಕ್ಕೆ ಹೋಗುವ ಅವು ಗೋಡೆಯಿಂದ ಬೀದಿಗೆ ಚಾಚಿಕೊಂಡಿವೆ. ಹಳೆಯವುಗಳಿಗೆ ಕಡೆದ ಮರದ ಸರಳು, ಅನಂತರದವುಗಳಿಗೆ ಕಬ್ಬಿಣದ್ದು. ಅಂಥದೊಂದು ಕಿಟಕಿಯ ಒಳಗೆ ತೂಗುಕುರ್ಚಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ನಕ್ಕು, ಮತ್ತೆ ಮೊರವಿಲ್ಲದ ತಮ್ಮ ತಟ್ಟೆಯ ಕಡೆಗೆ ತಿರುಗಿದರು.

ಪ್ಲಾಸಾ ಮಯೋರ್ ಎಂಬ ಚೌಕದ ಸುತ್ತಲಿನ ದೊಡ್ಡ ಮನೆಗಳೆಲ್ಲ ಸಕ್ಕರೆಯ ಧಣಿಗಳವು. ಇವು ಹೀಗೆ ಉಳಿದದ್ದು ಊರಿನ ಜಾಣತನದಿಂದಲ್ಲ, ಬಡತನದಿಂದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಭೂಮಿ ಸೊರಗಿತು, ಒಲೆಗೆ ಬೇಕಾದ ಕಾಡು ಕರಗಿತು, ಯುರೋಪಿನ ಬೀಟ್ ಸಕ್ಕರೆ ಪೈಪೋಟಿಗೆ ಬಂತು; ಹಬೆಯಂತ್ರದ ದೊಡ್ಡ ಗಿರಣಿಗಳು ಸಿಯೆನ್‌ಫ್ವೇಗೊಸ್‌ನಂಥ ಕಡೆಗಳಲ್ಲಿ ಎದ್ದವು. 1868ರಲ್ಲಿ ಆರಂಭವಾದ ಸ್ವಾತಂತ್ರ್ಯ ಯುದ್ಧ ಉಳಿದುದನ್ನು ಮುಗಿಸಿತು. ಕೆಡವಿ ಹೊಸದಾಗಿ ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲ. 1988ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಪಕ್ಕದ ಗಿರಣಿಗಳ ಕಣಿವೆಯನ್ನೂ ಕೂಡಿಸಿಯೇ.

ಆ ಕಣಿವೆಯನ್ನು ನಮಗೆ ತೋರಿಸಿದ್ದು ಕೊನೆಗೆ, ನಲವತ್ತು ನಿಮಿಷಗಳ ಮಟ್ಟಿಗೆ. ಊರಿನ ಅಂಗಡಿಗಳಿಗೆ ಒಂದೂವರೆ ಗಂಟೆ ಬಿಟ್ಟಿದ್ದರು. ಅಂದರೆ ಚರಿತ್ರೆಯನ್ನು ನಾವು ಹಿಂದುಮುಂದಾಗಿ ನೋಡಿದೆವು: ಮೊದಲು ಗೆದ್ದ ನಗರ, ಆಮೇಲೆ ಸೋತ ಊರು, ಕಟ್ಟಕಡೆಗೆ ಎರಡರ ಹಣವೂ ಎಂಥ ದುಡಿಮೆಯಿಂದ ಹುಟ್ಟಿತೆಂಬುದನ್ನು ತೋರಿಸುವ ಜಾಗ. ರಸ್ತೆ ಇರುವುದೇ ಹಾಗೆ ಎನ್ನುವುದು ನಿಜ. ಆದರೂ ನನ್ನ ಕೈಯಲ್ಲಿದ್ದರೆ ಬೆಳಿಗ್ಗೆ ನೇರವಾಗಿ ಇಲ್ಲಿಗೇ ಬಂದಿರುತ್ತಿದ್ದೆ.

ಒಂದು ಕಾಲಕ್ಕೆ ಐವತ್ತಕ್ಕೂ ಹೆಚ್ಚು ಗಿರಣಿಗಳಿದ್ದ ಈ ಬಯಲಿನಲ್ಲಿ ಈಗ ಎದ್ದು ಕಾಣುವುದು ಮನಾಕಾ ಇಸ್ನಾಗಾ ತೋಟದ ಗೋಪುರ, ಏಳು ಅಂತಸ್ತು, ಸುಮಾರು 45 ಮೀಟರ್ ಎತ್ತರ. ಅದರ ಗಂಟೆ ಬಾರಿಸಿದಾಗ ಗುಲಾಮರ ದಿನ ಶುರು, ಬಾರಿಸಿದಾಗ ಕೊನೆ. ಮೇಲೆ ನಿಂತ ಕಾವಲುಗಾರನ ಕಣ್ಣಿಗೆ ಕಬ್ಬಿನ ಗದ್ದೆಯಲ್ಲಿ ಬೆನ್ನು ಬಗ್ಗಿಸದೆ ನಿಂತವರು ಕಾಣುತ್ತಿದ್ದರು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ.

ಧಣಿಯ ಮನೆಯ ಹಿಂಭಾಗದಲ್ಲಿ ಹಳೆಯ ಕಬ್ಬಿನ ಗಾಣವೊಂದಿದೆ. ಮಂಡ್ಯದ ಕಡೆಯ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ತಾತನ ಆಲೆಮನೆಯಲ್ಲೂ ಹಿಂಡಿದ ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲಾಗುತ್ತಿತ್ತು. ರಸ ಕುದಿಯುವ ಕೊಪ್ಪರಿಗೆಯ ಸುತ್ತ ಮಕ್ಕಳಾದ ನಾವು ಬಿಸಿ ಬೆಲ್ಲಕ್ಕಾಗಿ ಕಾದು ನಿಲ್ಲುತ್ತಿದ್ದೆವು. ಪ್ರವಾಸಿಗರಿಬ್ಬರು ನಗುತ್ತ ಗಾಣದ ತೊಲೆ ತಳ್ಳಿದರು, ಲೋಟಕ್ಕೆ ರಸ ಬಂತು. ಅದೇ ರುಚಿ, ಅದೇ ಹಸಿರು ನೊರೆ. ಅರ್ಧ ಕುಡಿದು ಲೋಟವನ್ನು ಕಟ್ಟೆಯ ಮೇಲಿಟ್ಟೆ.

ಗೋಪುರದಿಂದ ಇಳಿಸಿದ ಗಂಟೆಯನ್ನು ಈಗ ಮನೆಯ ಮುಂದೆ ನೆಲದ ಮಟ್ಟದಲ್ಲಿ ಇರಿಸಿದ್ದಾರೆ. ಹುಡುಗನೊಬ್ಬ ಅದನ್ನು ಗೆಣ್ಣಿನಿಂದ ಕುಟ್ಟಿ ನೋಡಿ ಓಡಿಹೋದ. ಗೋಪುರಕ್ಕೆ ಹೋಗುವ ದಾರಿಯ ಉದ್ದಕ್ಕೂ ಹೆಂಗಸರು ಹಗ್ಗದ ಮೇಲೆ ಹರವಿದ, ಕೈಕಸೂತಿಯ ಬಿಳಿ ಮೇಜುಬಟ್ಟೆಗಳು ಗಾಳಿಗೆ ಉಬ್ಬುತ್ತಿದ್ದವು.

ಬಸ್ಸಿನ ಬಾಗಿಲಲ್ಲಿ ಗೈಡ್ ಬೆರಳು ತೋರಿಸಿ ಎಣಿಸಿದಳು. ಮೂವತ್ತೊಂದು. ಮತ್ತೊಮ್ಮೆ ಎಣಿಸಿದಳು. ದೂರದಲ್ಲಿ ಬಿಳಿ ಬಟ್ಟೆಗಳ ನಡುವೆ ನನ್ನ ಪತ್ನಿ ಇನ್ನೂ ಚೌಕಾಸಿ ಮಾಡುತ್ತಿದ್ದಳು; ಚಾಲಕ ಎರಡು ಸಲ ಹಾರ್ನ್ ಹೊಡೆದ.