ಗಾಂಧಾರಿ, ಹುಬ್ಬಳ್ಳಿ

ಬೆಂಗಳೂರಿನ ಸಂಡೇ ಬಜಾರ್‌ಗೆ, ಅಂದರೆ ಭಾನುವಾರದ ಹಳೆ ಸಾಮಾನಿನ ಸಂತೆಗೆ, ಬೆಳಿಗ್ಗೆ ಏಳಕ್ಕೆಲ್ಲ ಹೋಗಿಬಿಡಬೇಕು. ಹತ್ತು ಗಂಟೆ ಆದರೆ ಕಾಲಿಡಲು ಜಾಗ ಇರುವುದಿಲ್ಲ, ಒಳ್ಳೆ ರೆಕಾರ್ಡುಗಳೂ ಉಳಿದಿರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಹಾಡುವ ಗ್ರಾಮಫೋನ್ ತಟ್ಟೆ, ಹುಡುಕಿಕೊಂಡು ನಾನು ಎಷ್ಟೋ ಭಾನುವಾರ ಅಲ್ಲಿಗೆ ಹೋಗಿದ್ದೇನೆ.

ಆವತ್ತು ಸಿಕ್ಕಿದ್ದು ಮಾತ್ರ ಒಂದು 78 ಆರ್‌ಪಿಎಂ ತಟ್ಟೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಕಾಲದ್ದು. ಸಿನಿಮಾ ರೆಕಾರ್ಡುಗಳ ರಾಶಿಯ ತಳದಲ್ಲಿತ್ತು. ಕವರ್ ಇಲ್ಲ, ಲೇಬಲ್ ಮೇಲೆ ಎಣ್ಣೆ ಕಲೆ. ಅಂಗಿ ತುದಿಯಿಂದ ಒರೆಸಿದರೆ ಇಂಗ್ಲಿಷ್ ಅಕ್ಷರಗಳು ಕಂಡವು: ಗಾಂಧಾರಿ, ಹುಬ್ಬಳ್ಳಿ. ಕೈ ನಡುಗಿತು. 1932ರ ಸುಮಾರಿಗೆ ಗಂಗೂಬಾಯಿ ಹಾನಗಲ್ ಮುಂಬೈಗೆ ಹೋಗಿ ಎಚ್‌ಎಂವಿ ಎಂಬ ರೆಕಾರ್ಡ್ ಕಂಪನಿಗೆ ಹಾಡಿದಾಗ ಕಂಪನಿಯವರು ಇಟ್ಟ ಹೆಸರು ಅದು. ಆಗ ಅವರಿಗೆ ಇಪ್ಪತ್ತರ ಆಸುಪಾಸು.

"ಇನ್ನೂರು ಕೊಡಿ ಸಾರ್" ಅಂದ ವ್ಯಾಪಾರಿ. ಚೌಕಾಸಿ ಮಾಡಲು ಬಾಯೇ ಬರಲಿಲ್ಲ.

ಈ ತಟ್ಟೆ ಅರಗಿನದು. ಜಾರಿ ಬಿದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ. ಸ್ಪಿರಿಟ್ ತಾಗಿಸಿದರೆ ಅರಗು ಕರಗಿ ಹಾಡೇ ಹೋಗುತ್ತದೆ. ತಣ್ಣೀರಿಗೆ ಎರಡು ಹನಿ ಸೋಪು ಹಾಕಿ, ಲೇಬಲ್ ನೆನೆಯದಂತೆ ಅಂಗೈಯಲ್ಲಿ ಮುಚ್ಚಿಕೊಂಡು, ಮೆತ್ತನೆಯ ಬ್ರಷ್‌ನಲ್ಲಿ ಹಾಡು ಕೆತ್ತಿದ ಗೀರುಗಳ ಜೊತೆಗೇ ಸುತ್ತ ಉಜ್ಜಿದೆ. ನೀರು ಟೀ ಬಣ್ಣಕ್ಕೆ ತಿರುಗಿತು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕೊಂದು ಕಂಡಿತು. ಪ್ಲೇಯರಿನ ಮುಳ್ಳನ್ನೂ ಬದಲಿಸಿದೆ. ಎಲ್‌ಪಿ ಮುಳ್ಳು ತೀರ ಸಣ್ಣದು, 78ರ ಅಗಲ ಗೀರಿನಲ್ಲಿ ತಳಕ್ಕಿಳಿದು ಬರೀ ಕರಕರ ಅನ್ನುತ್ತದೆ.

ತಟ್ಟೆ ಹಾಕಿದರೆ ಒಗ್ಗರಣೆ ಸಿಡಿದಂತೆ ಚಟಪಟ. ಅದರ ಮಧ್ಯೆ ತೆಳ್ಳಗಿನ, ಎತ್ತರದ ಒಂದು ದನಿ.

"ಯಾರೋ ಇದು, ಚಿಕ್ಕ ಹುಡುಗಿ?" ಅಡುಗೆಮನೆಯಿಂದ ಅಮ್ಮ ಕೇಳಿದರು.

"ಗಂಗೂಬಾಯಿ, ಅಮ್ಮ."

"ಸುಮ್ನಿರು, ಅವರ ದನಿ ನನಗೆ ಗೊತ್ತಿಲ್ವಾ?"

ಅಮ್ಮನಿಗೆ ಗೊತ್ತಿದ್ದದ್ದು ಗಂಗೂಬಾಯಿಯವರ ಗಂಟಲಿನ ಶಸ್ತ್ರಚಿಕಿತ್ಸೆ ಆದ ಮೇಲಿನ ಗಡಸು ದನಿ. ನನ್ನ ಕಪಾಟಿನ ಎಲ್‌ಪಿಗಳಲ್ಲೂ ಅದೇ ಇರುವುದು. ಆ ದನಿಯೆಂದರೆ ನನಗೆ ಪ್ರಾಣ. ಆದರೆ ಅದಕ್ಕೂ ಮುಂಚಿನ ಈ ದನಿ ಆಮೇಲೆ ಅವರಿಗೇ ಸಿಗಲಿಲ್ಲ, ಅಲ್ವಾ? ಇಂಥ ಅರಗಿನ ತಟ್ಟೆಗಳಲ್ಲಿ ಉಳಿದುಕೊಂಡಿದೆ. ನಾನು ಧೂಳಲ್ಲಿ ಕೂತು ರಾಶಿ ಕೆದಕುವುದು ಇದಕ್ಕೇ.

ಮೂರು ನಿಮಿಷಕ್ಕೆಲ್ಲ ಮುಗಿಯಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಕೂತರು. "ಇನ್ನೊಂದ್ಸಲ ಹಾಕು" ಅಂದರು. ಬಿರುಕು ದಾಟುವ ತನಕ ಸುತ್ತಿಗೊಂದು ಸಲ ಟಕ್, ಟಕ್. ಅಮ್ಮನ ಬೆರಳು ಅದನ್ನು ಬಿಟ್ಟು ತಬಲಾದ ಜೊತೆಗೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು.